ಡಾಕರ್ ಪಾಳಿಯ ಲಾತಿರ್

ಲಾತಿರನಿಗೆ ಸಿಟ್ಟು ಬಂತು ಎಂದು ಯಾರಾದರೂ ಹೇಳಿದರೆ ನಮ್ಮ ಬಾಡಿಗೆ ಗಾಡಿ ಸ್ಟ್ಯಾಂಡಿನಲ್ಲಿ ನಗುತ್ತಾರೆ. ಬರುವುದಕ್ಕೆ ಅದು ಹೋಗಿತ್ತಾದರೂ ಎಲ್ಲಿಗೆ? ಬೆಳಿಗ್ಗೆ ಬ್ರೆಡ್ಡಿನೊಳಗೆ ಅಲಸಂದೆ ಕಾಳು ಒಂದು ಚಮಚ ಕಡಿಮೆ ಬಿತ್ತೆಂದು ಶುರುವಾದರೆ, ಟಯರಿಗೆ ಗಾಳಿ ಹಾಕುವವನ ಮೇಲೆ ಮುಂದುವರಿದು, ಪೊಲೀಸಿನವನ ಮುಂದೆ ಮಾತ್ರ ಹಲ್ಲು ಕಚ್ಚಿ ನುಂಗಿಕೊಂಡು, ಸಂಜೆ ಮನೆಯಲ್ಲಿ ಚಹಾ ಆರಿಹೋಗಿದೆ ಎಂಬಲ್ಲಿಗೆ ಮುಗಿಯುತ್ತಿತ್ತು. ಹೆಂಡತಿ ಸೋಂಬೆಲ್ ಅದನ್ನು ಕಿವಿಗೆ ಹಾಕಿಕೊಳ್ಳುವುದನ್ನು ಎಂದೋ ಬಿಟ್ಟಿದ್ದಳು. ಮಗಳ ಮದುವೆಯ ದಿನ ಕುರಿ ಕೊಯ್ಯುವವನ ಜೊತೆ ಜಗಳ ತೆಗೆದು, ಬೀಗರೆಲ್ಲ ಕೂತಿದ್ದ ಹಾಗೇ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ ಪುಣ್ಯಾತ್ಮ ಇವನು. ಹೆಣ್ಣಿನ ಅಪ್ಪ ಇಲ್ಲದೆಯೇ ಮದುವೆ ಆಯಿತು. ಆಮೇಲೆ ಅದಕ್ಕೂ ಸಿಟ್ಟು, ನನಗಾಗಿ ಯಾಕೆ ಕಾಯಲಿಲ್ಲ ಎಂದು.

ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ಕೌಲಾಕಿನಿಂದ ರಾಜಧಾನಿ ಡಾಕರಿಗೆ ಹೋಗುವ ರಸ್ತೆಯಲ್ಲಿ ಅವನಷ್ಟು ಹದವಾಗಿ ಗಾಡಿ ಓಡಿಸುವವರು ಕಡಿಮೆ. ಮೀಸೆ ಮೂಡುವ ಮೊದಲೇ ಇದೇ ಸ್ಟ್ಯಾಂಡಿಗೆ ಬಂದು ಗಾಡಿಗಳ ನೆತ್ತಿಗೆ ಮೂಟೆ ಏರಿಸುತ್ತಿದ್ದವನು. ಆಮೇಲೆ ಇನ್ನೊಬ್ಬರ ಗಾಡಿ ಓಡಿಸಿದ. ಕೊನೆಗೆ ತನ್ನದೇ ಒಂದು ಏಳು ಸೀಟಿನ ಉದ್ದ ಗಾಡಿ ಮಾಡಿಕೊಂಡು ಡಾಕರ್ ಪಾಳಿಗೆ ಸೇರಿದ. ಡಾಕರ್ ಪಾಳಿ ಎಂದರೆ ಸುಮ್ಮನೆ ಅಲ್ಲ. ಆ ಸಾಲಿನವರಿಗೆ ಇಸ್ತ್ರಿ ಮಾಡಿದ ಅಂಗಿ, ಗೇಟಿನ ಪಕ್ಕದ ನೆರಳು, ಚಹಾದವನಿಂದ ಮೊದಲ ಲೋಟ. ಸುತ್ತಲ ಹಳ್ಳಿಯ ಮುದುಕಿಯರು ರಾಜಧಾನಿಯಲ್ಲಿ ದುಡಿಯುವ ಮಕ್ಕಳಿಗೆ ಸಜ್ಜೆ ಹಿಟ್ಟು, ನಾಟಿ ಔಷಧಿ, ಕಾಲು ಕಟ್ಟಿದ ಕೋಳಿ ಎಲ್ಲವನ್ನೂ ಲಾತಿರನ ಕೈಗೇ ಕೊಡುತ್ತಿದ್ದರು. ಬೈಸಿಕೊಂಡೇ ಕೊಡುತ್ತಿದ್ದರು, ಆದರೆ ಒಂದು ಗಂಟೂ ದಾರಿಯಲ್ಲಿ ಕಳೆದದ್ದಿಲ್ಲ. ಊರಿನಲ್ಲಿ ಅವನ ಹೆಸರೇ ಡಾಕರ್ ಲಾತಿರ್ ಎಂದಾಗಿತ್ತು.

ಸುತ್ತಲ ಹಳ್ಳಿಗಳಿಗೆ ಓಡುವ ಗಾಡಿಗಳ ಹಳ್ಳಿ ಪಾಳಿ ಇರುವುದು ಸ್ಟ್ಯಾಂಡಿನ ಹಿಂಭಾಗದಲ್ಲಿ, ಕಸದ ಗುಡ್ಡೆಯ ಪಕ್ಕ. ಬಾಗಿಲಿಗೆ ಹಗ್ಗ ಕಟ್ಟಿದ, ನೆತ್ತಿಯ ಮೇಲೆ ಆಡು ಹೊತ್ತ ಗಾಡಿಗಳು ಅಲ್ಲಿ ನಿಲ್ಲುತ್ತವೆ. ಆ ಕಡೆ ಹೋಗಬೇಕಾದರೆ ಲಾತಿರ್ ಮೂಗು ಮುಚ್ಚಿಕೊಳ್ಳುತ್ತಿದ್ದ. ಕಸದ ವಾಸನೆಗೆ ಎಂದು ಹೇಳುತ್ತಿದ್ದ, ಯಾರೂ ನಂಬುತ್ತಿರಲಿಲ್ಲ.

ಸ್ಟ್ಯಾಂಡಿನ ಯಜಮಾನ ಮೋಮರನದು ಒಂದು ಕಟ್ಟುನಿಟ್ಟು ಇತ್ತು. ಡಾಕರಿಗೆ ಜನ ತುಂಬಿ ಕೂತ ಮೇಲೆ ಗಾಡಿ ಸ್ಟಾರ್ಟ್ ಆಗದಿದ್ದರೆ ಅಷ್ಟೂ ಜನ ಹಿಂದಿನ ಗಾಡಿಗೆ. ಒಂದೇ ಮಳೆಗಾಲದಲ್ಲಿ ಮೂರು ಸಲ ಹಾಗಾಯಿತೋ, ಆ ಗಾಡಿ ಹಳ್ಳಿ ಪಾಳಿಗೆ, ಮತ್ತೆ ಮಾತಿಲ್ಲ. ಮೊದಲೇ ಸ್ಟಾರ್ಟ್ ಮಾಡಿ ನೋಡಿಕೊಳ್ಳಬಾರದೇ ಎಂದರೆ, ನಮ್ಮಲ್ಲಿ ಸಾಲಿನಲ್ಲಿ ನಿಂತ ಗಾಡಿಯ ಎಂಜಿನ್ನನ್ನು ಯಾರೂ ಎಬ್ಬಿಸುವುದಿಲ್ಲ. ಪಾಳಿ ಮುಂದೆ ಸರಿದಂತೆ ನಾಲ್ಕು ಜನ ಸೇರಿ ಗಾಡಿಯನ್ನು ತಳ್ಳಿಕೊಂಡು ಮುಂದೆ ತರುತ್ತಾರೆ. ಹತ್ತು ಮಾರು ದೂರಕ್ಕೆ ಪೆಟ್ರೋಲು ಉರಿಸುವವನನ್ನು ನೋಡಿ ಚಹಾದವನೂ ನಗುತ್ತಾನೆ. ಜನ ಕೂತು, ಮೂಟೆ ಕಟ್ಟಿ, ಬಾಗಿಲು ಹಾಕಿದ ಮೇಲೆಯೇ ಕೀಲಿ ತಿರುಗುವುದು. ಆ ಮಳೆಗಾಲದಲ್ಲಿ ಲಾತಿರನ ಗಾಡಿ ಹಾಗೆ ಎರಡು ಸಲ ಕೈಕೊಟ್ಟಿತ್ತು.

ಗಾಡಿಯ ವೈರು, ಬ್ಯಾಟರಿ, ಕಿಡಿಯ ಕೆಲಸಕ್ಕೆ ಸ್ಟ್ಯಾಂಡಿನಲ್ಲಿ ಯೇರೊ ಇದ್ದ. ಕೈ ಒಳ್ಳೆಯದು, ಬಾಯಿ ಮಾತ್ರ ಬಚ್ಚಲು. ಲಾತಿರ್ ಸಜ್ಜೆ ಬೆಳೆಯುವ ಸೆರೇರ್ ಕುಲದವನು, ಯೇರೊ ದನ ಕಾಯುವ ಪುಲಾರ್. ಈ ಎರಡು ಕುಲಗಳಿಗೆ ಮುತ್ತಾತಂದಿರ ಕಾಲದಿಂದ ಗೇಲಿಯ ನೆಂಟಸ್ತಿಕೆ. ಎದುರಾದಾಗ ಬಾವ-ಮೈದುನರ ಹಾಗೆ ಬೈದುಕೊಳ್ಳಬೇಕು, ಏನೇ ಅಂದರೂ ಸಿಟ್ಟು ಮಾಡಿಕೊಳ್ಳಬಾರದು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಒಂದು ಕುಲದವನು ಯಾರ ಜೊತೆಗೇ ಜಗಳಕ್ಕೆ ನಿಂತಿರಲಿ, ಇನ್ನೊಂದು ಕುಲದವನು ಬಂದು ನನ್ನ ಮುಖ ನೋಡಿ ಬಿಡು ಎಂದರೆ ಬಿಡಲೇಬೇಕು, ಬಿಡದಿದ್ದರೆ ಆ ನೆಂಟಸ್ತಿಕೆ ಅಲ್ಲಿಗೇ ಮುಗಿಯಿತು. ಕತ್ತಿ ಎತ್ತಿದವರು ಆ ಒಂದು ಮಾತಿಗೆ ಕೈ ಇಳಿಸಿದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ.

"ಏನೋ ನನ್ನ ಜೀತದಾಳೆ, ಇವತ್ತು ಎಷ್ಟು ಮೂಟೆ ಸಜ್ಜೆ ತಿಂದೆ?" ಎಂದು ಯೇರೊ ದಿನಾ ಬೆಳಿಗ್ಗೆ ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗುತ್ತಿದ್ದ. "ನಿನ್ನ ಅಜ್ಜನ್ನ ನಮ್ಮಜ್ಜ ಒಂದು ಸೋರೆಬುರುಡೆ ಮಜ್ಜಿಗೆಗೆ ಕೊಂಡಿದ್ದ. ಜಾಸ್ತಿ ಕೊಟ್ಟುಬಿಟ್ಟ ಪಾಪ."

"ಹೋಗೋ ದನಗಳ್ಳ," ಎಂದು ಲಾತಿರ್ ಹಲ್ಲಿನ ಸಂದಿಯಿಂದ ಉತ್ತರ ಕೊಡುತ್ತಿದ್ದ. ಸಂಪ್ರದಾಯ, ಕೊಡಲೇಬೇಕು. ಇಡೀ ಸ್ಟ್ಯಾಂಡಿನಲ್ಲಿ ಅವನ ಸಿಟ್ಟಿಗೆ ಸಿಗದವನು ಇವನೊಬ್ಬನೇ. ಬೇರೆ ಯಾರಾದರೂ ಅರ್ಧ ಮಾತು ಅಂದಿದ್ದರೆ ಕಪಾಳಕ್ಕೆ ಬಿದ್ದಿರುತ್ತಿತ್ತು. ಯೇರೊನ ಮುಂದೆ ಮಾತ್ರ ನಕ್ಕಂತೆ ಮಾಡಿ ನಿಲ್ಲಬೇಕು. ಆ ಸಂಕಟಕ್ಕೇ ಅವನು ಯೇರೊನ ಕಡೆಗೆ ಗಾಡಿ ಒಯ್ಯುವುದನ್ನು ಬಿಟ್ಟಿದ್ದ.

ಎರಡನೆಯ ಸಲ ಕೈಕೊಟ್ಟ ಮೇಲೆ ಲಾತಿರ್ ಪೇಟೆಗೆ ಹೋಗಿ ಕಿಡಿಗೆ ಸಂಬಂಧಪಟ್ಟ ಸಾಮಾನನ್ನೆಲ್ಲ ಹೊಸದಾಗಿ ತಂದ. ಪಾಯಿಂಟು, ಕಂಡೆನ್ಸರು, ಪ್ಲಗ್ಗುಗಳು, ದಪ್ಪ ವೈರುಗಳು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ, ಅದರೊಳಗೆ ತಿರುಗುತ್ತ ಒಂದೊಂದು ಪ್ಲಗ್ಗಿಗೂ ಕಿಡಿ ದಾಟಿಸುವ ರೋಟರು. ಸಾಲಿನಲ್ಲಿ ನಿಂತಲ್ಲೇ ಬಾನೆಟ್ ಎತ್ತಿ ತಾನೇ ಕೂತು ಹಾಕಿದ. ಯೇರೊ ದೂರದಿಂದ ನೋಡಿ, "ಬಾವಾ, ಗುದ್ದಲಿ ಹಿಡಿಯೋ ಕೈ ಅದು, ಅಲ್ಲೇನು ಹುಡುಕ್ತೀಯ?" ಎಂದ. ಲಾತಿರ್ ತಲೆ ಎತ್ತಲಿಲ್ಲ. ಕೆಲಸ ಮುಗಿಸಿ, ಯಾರು ನಕ್ಕರೂ ನಗಲಿ ಎಂದು ಒಂದು ಸಲ ಸೆಲ್ಫ್ ಹೊಡೆದು ನೋಡಿದ. ಎಂಜಿನ್ ಒಂದೇ ಏಟಿಗೆ ಎದ್ದು ಬೆಣ್ಣೆಯಂತೆ ಓಡಿತು.

ಆಮೇಲೆ ಎಲ್ಲ ಡ್ರೈವರುಗಳೂ ಮಾಡುವುದನ್ನೇ ಅವನೂ ಮಾಡಿದ. ನಮ್ಮ ಸ್ಟ್ಯಾಂಡಿನಲ್ಲಿ ರಾತ್ರಿ ಗಾಡಿ ಬಿಟ್ಟು ಮನೆಗೆ ಹೋಗುವವನು ರೋಟರನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹೋಗುತ್ತಾನೆ. ನಿಂಬೆಹಣ್ಣಿನಷ್ಟು ಕಪ್ಪು ತುಂಡು, ಮೇಲೊಂದು ಹಿತ್ತಾಳೆ ಪಟ್ಟಿ, ಅಷ್ಟೇ. ಅದಿಲ್ಲದೆ ಕಳ್ಳ ಏನು ಮಾಡಿದರೂ ಗಾಡಿ ಏಳುವುದಿಲ್ಲ. ಲಾತಿರನ ಕೈಗೆ ಅದು ಉಸಿರಾಡಿದಷ್ಟು ಅಭ್ಯಾಸವಾಗಿತ್ತು.

ಮರುದಿನ ಬೆಳಿಗ್ಗೆ ಅವನು ಬರುವಷ್ಟರಲ್ಲಿ ರಾತ್ರಿಯ ಮಳೆಗೆ ನೆಲವೆಲ್ಲ ಕೆಸರಾಗಿತ್ತು, ಗಾಳಿ ಒದ್ದೆ ಬಟ್ಟೆಯ ಹಾಗೆ ಮುಖಕ್ಕೆ ಅಂಟುತ್ತಿತ್ತು. ಅವನು ಬ್ರೆಡ್ಡಿನವಳ ಹತ್ತಿರ ಕಾಳಿನ ಲೆಕ್ಕಕ್ಕೆ ಜಗಳವಾಡುತ್ತಿದ್ದಾಗಲೇ ಮುಂದಿನ ಗಾಡಿ ಹೊರಟಿತು, ಹಿಂದಿನ ಗಾಡಿಯ ಮಸ್ಸಾಂಬಾ ಇನ್ನಿಬ್ಬರನ್ನು ಸೇರಿಸಿಕೊಂಡು ಲಾತಿರನ ಗಾಡಿಯನ್ನು ಗೇಟಿನ ತನಕ ತಳ್ಳಿ ತಂದ. ಮಸ್ಸಾಂಬಾ ವಯಸ್ಸಿನಲ್ಲಿ ಚಿಕ್ಕವನು, ಡಾಕರ್ ಪಾಳಿಗೆ ಹೊಸಬ. ಲಾತಿರ್ ಬರುವಾಗ ಅವನು ಇವನ ಬಾನೆಟ್ಟಿಗೆ ಒರಗಿ ಹಲ್ಲುಜ್ಜುವ ಕಡ್ಡಿ ಅಗಿಯುತ್ತಿದ್ದ.

"ಲಾತಿರಣ್ಣ, ಇವತ್ತು ಏಳುತ್ತಾ? ಇಲ್ಲಾಂದ್ರೆ ಈಗ್ಲೇ ಹೇಳ್ಬಿಡು, ಜನ ಹತ್ತಿ ಇಳಿಯೋದು ಯಾಕೆ," ಎಂದ ಮಸ್ಸಾಂಬಾ, ತಮಾಷೆಗೆ.

"ನಿಮ್ಮಪ್ಪ ಕತ್ತೆಗಾಡಿ ಹೊಡೀತಿದ್ದಾಗ ನಾನು ಈ ದಾರೀಲಿ ಓಡಾಡ್ತಿದ್ದೆ. ಇಳಿ ಬಾನೆಟ್ ಮೇಲಿಂದ."

"ಒರಗಿದೀನಿ ಅಷ್ಟೇ, ಹತ್ತಿಲ್ಲ."

"ಒರಗೋದಕ್ಕೆ ನಿನ್ನ ಗಾಡಿ ಇಲ್ವಾ? ಅದು ಮೈಮೇಲೆ ಬೀಳುತ್ತೆ ಅಂತ ಭಯಾನಾ?"

ಮಾತು ಹಾಗೇ ಬೆಳೆಯಿತು. ಲಾತಿರ್ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಜೇಬಿಗೆ ಕೈ ಹಾಕಿ ರೋಟರು ತೆಗೆದು ಕೂರಿಸಿ, ಮುಚ್ಚಳ ಒತ್ತಿ, ಬಾನೆಟ್ ಕುಕ್ಕಿದ. ಅಷ್ಟು ಹೊತ್ತೂ ಮುಖ ಮಸ್ಸಾಂಬಾನ ಕಡೆಗೇ ಇತ್ತು, ಬಾಯಿ ಅವನ ವಂಶವನ್ನು ಜಾಲಾಡುತ್ತಲೇ ಇತ್ತು.

ಜನ ಬೇಗ ತುಂಬಿದರು. ಮುಂದಿನ ಸೀಟಿನಲ್ಲಿ ಒಣಮೀನು ಮಾರುವ ಅಸ್ತು ಕೂತಳು, ತೊಡೆಯ ಮೇಲೆ ಬುಟ್ಟಿ. ನೆತ್ತಿಯ ಮೇಲೆ ಮೂಟೆಗಳು ಏರಿದವು. ಲಾತಿರ್ ಅಂಗಿ ಸರಿಮಾಡಿಕೊಂಡು ಕೂತು ಕೀಲಿ ತಿರುಗಿಸಿದ. ಎಂಜಿನ್ ಗರ್ ಗರ್ ಎಂದು ತಿರುಗಿತು, ಹತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದ. ಗರ್ ಗರ್. ಒಂದು ಸಲ ಕೆಮ್ಮಲೂ ಇಲ್ಲ.

"ಇಳೀಬೇಕಾ?" ಎಂದಳು ಅಸ್ತು. "ಈಗ್ಲೇ ಹೇಳು. ಆಮೇಲೆ ಬುಟ್ಟಿ ಎತ್ಕೊಂಡು ಓಡೋಕೆ ನನ್ನ ಕೈಲಾಗಲ್ಲ."

"ಬಾಯಿ ಮುಚ್ಕೊಂಡು ಕೂತ್ಕೊ."

ಕೆಳಗಿಳಿದು ಬಾನೆಟ್ ಎತ್ತಿದ. ವೈರು ಒತ್ತಿ ನೋಡಿದ, ಪ್ಲಗ್ಗು ಅಲುಗಿಸಿ ನೋಡಿದ. ಎಲ್ಲ ಹೊಸದು, ಎಲ್ಲ ತನ್ನ ಕೈಯಿಂದಲೇ ಹಾಕಿದ್ದು, ನಿನ್ನೆ ಸಂಜೆ ಬೆಣ್ಣೆಯಂತೆ ಓಡಿದ್ದು. ನಿನ್ನೆ ಓಡಿದ್ದು ಇವತ್ತು ಓಡದಿದ್ದರೆ ನಡುವೆ ಯಾರದೋ ಕೈ ಆಡಿದೆ. ಬಾನೆಟ್ಟಿಗೆ ಒರಗಿದ್ದವನು ಯಾರು? ಗಾಡಿ ತಳ್ಳಿ ತಂದವನು ಯಾರು? ಇದು ಏಳದಿದ್ದರೆ ಈ ಜನ ಯಾರ ಗಾಡಿಗೆ ಹೋಗುತ್ತಾರೆ? ಲಾತಿರನ ತಲೆಯಲ್ಲಿ ಎಲ್ಲ ಪಟಪಟನೆ ಕೂಡಿಕೊಂಡಿತು. ಹೋಗಿ ಮಸ್ಸಾಂಬಾನ ಕುತ್ತಿಗೆಪಟ್ಟಿಗೆ ಕೈ ಹಾಕಿದ.

"ಏನು ಕಿತ್ತೆ? ಹೇಳು. ಏನು ಕಿತ್ತೆ ಒಳಗಿಂದ?"

"ಅಯ್ಯೋ, ನಾನು ಮುಟ್ಟೇ ಇಲ್ಲ ಅಣ್ಣ. ದೇವರಾಣೆಗೂ."

ಜನ ಸುತ್ತ ಕೂಡಿದರು. ಯಜಮಾನ ಮೋಮರ್ ಜಪಸರ ಎಣಿಸುತ್ತಲೇ ಬಂದ. ಇಬ್ಬರ ಮಾತನ್ನೂ ಕೇಳಿ, ಎಲ್ಲರಿಗೂ ಕೇಳುವಂತೆ ತೀರ್ಮಾನ ಹೇಳಿದ. "ಮಸ್ಸಾಂಬಾ ಕೈ ಹಾಕಿದ್ದು ಹೌದಾದ್ರೆ ಅವನು ಇನ್ನು ಈ ಸ್ಟ್ಯಾಂಡಲ್ಲಿ ನಿಲ್ಲೋ ಹಾಗಿಲ್ಲ. ಲಾತಿರನ ಲೆಕ್ಕಕ್ಕೂ ಇದು ಸೇರೋದಿಲ್ಲ. ಕೈ ಹಾಕಿಲ್ಲಾಂದ್ರೆ ಲಾತಿರನಿಗೆ ಇದು ಮೂರನೇದು. ಮೊದ್ಲು ಏನಾಗಿದೆ ಅಂತ ಗೊತ್ತಾಗ್ಲಿ. ಯೇರೊನ್ನ ಕರೀರಿ."

ಯೇರೊ ಆಗಲೇ ಬಂದಿದ್ದ. "ಏನ್ ಬಾವಾ, ಸಜ್ಜೆ ಜಾಸ್ತಿ ಆಯ್ತಾ? ಗಾಡಿ ಎಬ್ಬಿಸೋಕಾಗದವನು ಮನುಷ್ಯನ್ನ ಎತ್ತಿ ಹಿಡಿದಿದ್ದೀಯಲ್ಲ," ಎಂದ. ಕೆಲವರು ನಕ್ಕರು. ಲಾತಿರನ ಮುಷ್ಟಿ ಸಡಿಲವಾಗಲಿಲ್ಲ. ಯೇರೊ ಹತ್ತಿರ ಬಂದು ಅವನ ತೋಳಿನ ಮೇಲೆ ಕೈ ಇಟ್ಟ. ದನಿ ಬದಲಾಗಿತ್ತು.

"ಬಾವಾ, ನನ್ನ ಮುಖ ನೋಡಿ ಬಿಡು ಅವನ್ನ."

ಸುತ್ತ ನಿಂತವರು ಇನ್ನೇನು ಬಿಡುತ್ತಾನೆ ಎಂದು ಅರ್ಧ ಹಿಂದೆ ಸರಿದರು. ಆ ಮಾತು ಆಡಿದ ಮೇಲೆ ಮುಗಿಯಿತು, ಹಾಗೇ ನಡೆದುಬಂದಿರುವುದು. ಲಾತಿರ್ ಯೇರೊನ ಮುಖ ನೋಡಿದ. ಇಷ್ಟು ವರ್ಷ ನುಂಗಿದ್ದ ಜೀತದಾಳು, ಸಜ್ಜೆ, ಮಜ್ಜಿಗೆ ಎಲ್ಲ ಒಟ್ಟಿಗೆ ಗಂಟಲಿಗೆ ಬಂತು. "ನಿನ್ನ ಮುಖಕ್ಕೆ ಏನು ಬೆಲೆ," ಎಂದು ಮಸ್ಸಾಂಬಾನ ಬಾಯಿಗೆ ಗುದ್ದಿದ.

ಹುಡುಗ ಕೆಸರಿಗೆ ಬಿದ್ದ. ತುಟಿ ಒಡೆದು ರಕ್ತ ಬಂತು. ನಮ್ಮ ಸ್ಟ್ಯಾಂಡಿನಲ್ಲಿ ಹೊಡೆದಾಟ ಹೊಸದಲ್ಲ, ಆದರೆ ಆ ಮಾತನ್ನು ಮೀರಿದ್ದನ್ನು ಯಾರೂ ನೋಡಿರಲಿಲ್ಲ. ಯೇರೊ ತೋಳಿನ ಮೇಲಿಂದ ಕೈ ತೆಗೆದು, ತನ್ನ ಪೆಟ್ಟಿಗೆ ತಂದು, ಬಾನೆಟ್ಟಿನೊಳಗೆ ತಲೆ ಹಾಕಿದ.

"ಅಕ್ಕ, ಹೇಳಿದಾಗ ಕೀಲಿ ತಿರುಗ್ಸು," ಎಂದ ಅಸ್ತುವಿಗೆ.

"ಟಿಕೆಟ್ಟೂ ನಂದೇ, ಡ್ರೈವರಿಕೆಯೂ ನಂದೇನಾ?" ಎಂದು ಗೊಣಗುತ್ತ ಅವಳು ಬುಟ್ಟಿ ಪಕ್ಕಕ್ಕಿಟ್ಟು ಕೈ ಚಾಚಿದಳು.

ಯೇರೊ ಮೊದಲು ಪ್ಲಗ್ಗಿಗೆ ಹೋಗುವ ಒಂದು ವೈರು ಕಿತ್ತು, ಅದರ ತುದಿಯನ್ನು ಎಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿದ. ಎಂಜಿನ್ ತಿರುಗಿತು, ಕಿಡಿ ಇಲ್ಲ. ಆಮೇಲೆ ಕಿಡಿ ಹುಟ್ಟಿಸುವ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿನ ಮುಚ್ಚಳದ ನಡುವಿಗೆ ಬರುವ ದಪ್ಪ ವೈರು ಕಿತ್ತು ಹಾಗೇ ಹಿಡಿದ. ಟಪ್ ಟಪ್ ಎಂದು ನೀಲಿ ಕಿಡಿ ಹಾರಿತು. ಮುಚ್ಚಳದ ಬಾಗಿಲ ತನಕ ಕಿಡಿ ಬರುತ್ತಿದೆ, ಒಳಗೆ ಹೋಗಿ ಕಳೆದುಹೋಗುತ್ತಿದೆ. ಮುಚ್ಚಳ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ. ಹೊಚ್ಚ ಹೊಸದು, ಒಂದು ಬಿರುಕೂ ಇಲ್ಲ. ಉಳಿದದ್ದು ರೋಟರು. ದಪ್ಪ ವೈರಿನ ತುದಿಯನ್ನು ಅದರ ಹಿತ್ತಾಳೆ ಪಟ್ಟಿಯ ಮೇಲೆ ಸ್ವಲ್ಪ ಎತ್ತರಕ್ಕೆ ಹಿಡಿದು ತಿರುಗಿಸಲು ಹೇಳಿದ. ರೋಟರು ಗಟ್ಟಿ ಇದ್ದರೆ ಕಿಡಿ ಅದರ ಮೇಲೆ ಹಾರಬಾರದು. ಇಲ್ಲಿ ಕಿಡಿ ಪಟ್ಟಿಗೆ ಹಾರಿ, ತುಂಡಿನೊಳಗೇ ಇಳಿದು, ಕೆಳಗಿನ ಕಬ್ಬಿಣಕ್ಕೆ ಸೋರಿಹೋಯಿತು.

ಯೇರೊ ರೋಟರು ಕಿತ್ತು ಮಗುಚಿದ. ತಳದಲ್ಲಿ ಸಾಸಿವೆಯಷ್ಟು ಸುಟ್ಟ ಚುಕ್ಕೆ, ಅಂಚೆಲ್ಲ ಸವೆದು ಬಿಳಿಚಿದ್ದು. ಹೊಸದಂತೂ ಅಲ್ಲವೇ ಅಲ್ಲ. ಪಕ್ಕದಲ್ಲಿ ನಿಂತಿದ್ದ ಲಾತಿರನೂ ನೋಡಿದ. ಅದರ ಅಂಚಿನ ಮುಕ್ಕು ಅವನಿಗೆ ಚೆನ್ನಾಗಿ ಗೊತ್ತು. ಎಷ್ಟೋ ವರ್ಷ ಪ್ರತಿ ರಾತ್ರಿ ಜೇಬಿನಲ್ಲಿ ಮನೆಗೆ ಬಂದದ್ದು ಅದೇ. ನಿನ್ನೆ ಕಿತ್ತ ಹಳೆಯದನ್ನು ಎಸೆಯಲು ಮನಸ್ಸಾಗದೆ ಜೇಬಿಗೆ ಹಾಕಿದ್ದ. ಸಂಜೆ ಹೊಸದನ್ನೂ ಅಭ್ಯಾಸಬಲದಿಂದ ಕಿತ್ತು ಅದೇ ಜೇಬಿಗೆ ಹಾಕಿದ್ದ.

"ಜೇಬು ನೋಡ್ಕೊ," ಎಂದ ಯೇರೊ, ಬಹಳ ಮೆಲ್ಲಗೆ.

ಲಾತಿರ್ ಕೈ ಹಾಕಿದ. ಹೊಸ ರೋಟರು ಬೆರಳಿಗೆ ತಣ್ಣಗೆ ಸಿಕ್ಕಿತು. ಯೇರೊ ಅದನ್ನು ತೆಗೆದುಕೊಂಡು, ಹಳೆಯದನ್ನು ಲಾತಿರನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. ಎತ್ತಿದ ಬಾನೆಟ್ಟಿನ ಮರೆಯಲ್ಲಿ ಬೇರೆ ಯಾರಿಗೂ ಇದು ಕಾಣಲಿಲ್ಲ. ಲಾತಿರ್ ಬೈಗುಳಕ್ಕೆ ಕಾದ. ಇಂಥ ಅವಕಾಶ ಯೇರೊನಂಥವನಿಗೆ ಜನ್ಮಕ್ಕೊಂದು ಸಲ ಸಿಗುವುದು, ಸಾಯುವ ತನಕ ಹೇಳಿಕೊಂಡು ನಗಬಹುದು. ಯೇರೊ ಒಂದು ಮಾತೂ ಆಡದೆ ರೋಟರು ಕೂರಿಸಿ, ಮುಚ್ಚಳ ಹಾಕಿ, ವೈರು ಸಿಕ್ಕಿಸಿ, "ಹೊಡಿ ಅಕ್ಕ," ಎಂದ.

ಎಂಜಿನ್ ಒಂದೇ ಏಟಿಗೆ ಎದ್ದಿತು.

"ಏನಾಗಿತ್ತು ಯೇರೊ?" ಎಂದು ಕೇಳಿದ ಮೋಮರ್. "ಯಾರಾದ್ರೂ ಕೈ ಹಾಕಿದ್ರಾ?"

"ಗಾಡಿ ಅವಂದು. ಅವನ್ನೇ ಕೇಳಿ."

ಎಲ್ಲರೂ ಲಾತಿರನ ಕಡೆ ತಿರುಗಿದರು. ಮಸ್ಸಾಂಬಾ ತುಟಿಗೆ ಬಟ್ಟೆ ಒತ್ತಿಕೊಂಡು ನಿಂತಿದ್ದ, ಕೆಸರು ಮೆತ್ತಿದ ಇಸ್ತ್ರಿ ಅಂಗಿಯಲ್ಲಿ. ಹೌದು ಎಂಬ ಒಂದು ಮಾತು ಸಾಕಾಗಿತ್ತು. ಹುಡುಗ ಸ್ಟ್ಯಾಂಡ್ ಬಿಟ್ಟು ಹೋಗುತ್ತಿದ್ದ, ಲಾತಿರ್ ಅರ್ಧ ಗಂಟೆಯಲ್ಲಿ ಡಾಕರ್ ರಸ್ತೆಯಲ್ಲಿರುತ್ತಿದ್ದ. ಅವನಿಗೆ ಯೇರೊನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಬಾಯಿಬಿಟ್ಟು ಹೇಳಬಾರದಿತ್ತೇ ಈ ದರಿದ್ರದವನು? ಹೇಳಿದ್ದರೆ ಸುಳ್ಳು ಎಂದು ಕೂಗಬಹುದಿತ್ತು, ಇನ್ನೊಂದು ಜಗಳ ತೆಗೆಯಬಹುದಿತ್ತು. ಹಾಗೆ ಮಾಡದೆ ತನ್ನ ತಲೆಗೇ ಕಟ್ಟಿ ಪಕ್ಕಕ್ಕೆ ಸರಿದು ನಿಂತಿದ್ದಾನೆ. ಮುಷ್ಟಿಯೊಳಗೆ ಹಳೆಯ ರೋಟರು ಒತ್ತುತ್ತಿತ್ತು.

"ಯಾರೂ ಹಾಕಿಲ್ಲ," ಎಂದು ಲಾತಿರ್ ಇಡೀ ಸ್ಟ್ಯಾಂಡನ್ನು ಬೈಯುವವನಂತೆ ಕೂಗಿದ. "ನಾನೇ. ಹಳೇದು ಹೊಸದು ಎರಡೂ ಒಂದೇ ಜೇಬಲ್ಲಿ ಇಟ್ಕೊಂಡಿದ್ದೆ. ಬೆಳಿಗ್ಗೆ ಇವನ ಜೊತೆ ಬಾಯಿ ಮಾಡ್ತಾ ನೋಡ್ದೆ ಹಳೇದನ್ನ ತುರುಕಿದೆ. ಈ ಕೈಯಲ್ಲೇ. ಇಗೋ ಇಲ್ಲಿದೆ, ಕಣ್ತುಂಬ ನೋಡಿ."

ಮೋಮರ್ ಜಪಸರ ನಿಲ್ಲಿಸಿದ. "ಹಾಗಾದ್ರೆ ಇದು ಮೂರನೇದು ಲಾತಿರ್."

"ನಂಗೂ ಎಣಿಸೋಕೆ ಬರುತ್ತೆ."

ಅವನು ಕೈ ಹಾಕಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದ. ಜನ ಗೊಣಗುತ್ತ ಇಳಿದು ಮಸ್ಸಾಂಬಾನ ಗಾಡಿಗೆ ಹೋದರು. ಅಸ್ತು ಮಾತ್ರ ಇಳಿಯುವಾಗ, "ಇಷ್ಟೊಳ್ಳೆ ಡ್ರೈವರು, ಆ ಬಾಯಿಗೊಂದು ಬ್ರೇಕ್ ಹಾಕಿಸ್ಕೊಳ್ಳೋಕಾಗ್ಲಿಲ್ವಲ್ಲ ನಿಂಗೆ," ಎಂದಳು. ಅವಳ ದನಿಯಲ್ಲಿ ಗೇಲಿ ಇರಲಿಲ್ಲ. ಲಾತಿರ್ ತನ್ನ ಗಾಡಿಯ ನೆತ್ತಿ ಹತ್ತಿ ಹಗ್ಗ ಬಿಚ್ಚಿ, ಮೂಟೆಗಳನ್ನು ಒಂದೊಂದಾಗಿ ಇಳಿಸಿ, ಹಿಂದಿನ ಗಾಡಿಯ ನೆತ್ತಿಗೆ ತಾನೇ ಏರಿಸಿ ಕಟ್ಟಿದ. ಯಾರೂ ಬೇಡ ಎನ್ನಲಿಲ್ಲ, ಯಾರೂ ಕೈ ಕೂಡಿಸಲೂ ಇಲ್ಲ. ಅವನು ಆ ಕೆಲಸ ಬಿಟ್ಟು ಅರ್ಧ ಆಯಸ್ಸು ಕಳೆದಿತ್ತು, ಬೆನ್ನು ಹಿಡಿದುಕೊಂಡಿತು.

"ಹಿಂದುಗಡೆ ಹಗ್ಗ ಸಡಿಲ ಇದೆ," ಎಂದ ಮಸ್ಸಾಂಬಾ ಕೆಳಗಿನಿಂದ. ಅಣ್ಣ ಎನ್ನಲಿಲ್ಲ. ಲಾತಿರ್ ಹೋಗಿ ಬಿಗಿದ.

ಮಸ್ಸಾಂಬಾನ ಗಾಡಿ ಗೇಟು ದಾಟಿ ಡಾಕರ್ ರಸ್ತೆಗೆ ತಿರುಗಿತು. ಯೇರೊ ಕೆಳಗೆ ಕೂತು ಇಕ್ಕಳ, ಸ್ಕ್ರೂಡ್ರೈವರುಗಳನ್ನು ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದ. ಲಾತಿರ್ ಅವನೆದುರು ಹೋಗಿ ನಿಂತ.

"ಏ ದನಗಳ್ಳ."

ಯೇರೊ ಒರೆಸುತ್ತಲೇ ಇದ್ದ.

"ಬಾಯಿಗೇನಾಗಿದೆ ನಿಂಗೆ? ಜೀತದಾಳು ಅನ್ನು. ಸಜ್ಜೆ ತಿಂದು ಕಣ್ಣು ಕಾಣ್ಲಿಲ್ಲ ಅನ್ನು. ಎಲ್ರ ಮುಂದೆ ಅನ್ನು, ಕೂಗಿ ಅನ್ನು."

ಯೇರೊ ಪೆಟ್ಟಿಗೆ ಮುಚ್ಚಿ ಎದ್ದ. "ಗಾಡಿ ಸರಿ ಇದೆ ಲಾತಿರ್. ಹಳ್ಳಿ ದಾರೀಲಿ ಗುಂಡಿ ಜಾಸ್ತಿ, ನೋಡ್ಕೊಂಡು ಓಡ್ಸು. ದೇವರು ಒಳ್ಳೇದು ಮಾಡ್ಲಿ," ಎಂದ. ದಾರಿಯಲ್ಲಿ ಹೋಗುವ ಯಾರಿಗೇ ಆದರೂ ಹೇಳುವಂತೆ, ಮರ್ಯಾದೆಯಿಂದ ಹೇಳಿದ.

"ಬೈಯೋ ಅಂತಿದೀನಿ ನಿಂಗೆ," ಎಂದ ಲಾತಿರ್. ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ.

ಯೇರೊ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಕೆಲಸವಿದ್ದ ಇನ್ನೊಂದು ಗಾಡಿಯ ಕಡೆಗೆ ಹೊರಟುಹೋದ.